ಕೊರಿಯಾದ ಅಪ್ಪ, ಜಾರ್ಜಿಯಾದ ಮಾಮ, ಕೋಲಾರದ ತಾತ

ಕೊರಿಯಾದ ಮಕ್ಕಳು ತಂದೆಯನ್ನು 'ಅಪ್ಪಾ' ಎಂದೇ ಕರೆಯುತ್ತಾರೆ. ತಾಯಿಗೆ ಅವರು ಹೇಳುವುದು ನಮ್ಮ 'ಅಮ್ಮ'ನಿಗೂ 'ಒಮ್ಮ'ನಿಗೂ ನಡುವಿನ ಒಂದು ಸದ್ದು. ಕೊರಿಯನ್ ಧಾರಾವಾಹಿ ನೋಡುವವರಿಗೆ ಇದು ಹೊಸ ಸುದ್ದಿಯೇನಲ್ಲ. ನನ್ನ ಅಕ್ಕನ ಮಗಳಿಗೆ ಆ ಧಾರಾವಾಹಿಗಳೆಂದರೆ ಪ್ರಾಣ. ಅವಳು ಇಯರ್‌ಫೋನ್ ಹಾಕದೆ ನೋಡುತ್ತಾ ಕೂತರೆ ಅಡುಗೆಮನೆಯಿಂದ ಅಕ್ಕ ಕೂಗುತ್ತಾಳೆ: "ಯಾರ ಮಗೂನೇ ಅದು, ಅಪ್ಪಾ ಅಪ್ಪಾ ಅಂತ ಅಳ್ತಿದೆ? ಹೊರಗೆ ನೋಡೇ."

ಈ ಹೋಲಿಕೆಯ ಬಗ್ಗೆ ವಾಟ್ಸಾಪ್‌ನಲ್ಲಿ ಓಡಾಡುವ ಸಂದೇಶಗಳಿಗೆ ಲೆಕ್ಕವಿಲ್ಲ. ತಮಿಳರ ಗುಂಪಿನಲ್ಲಿ ಬಂದರೆ ಕೊರಿಯನ್ ಭಾಷೆ ತಮಿಳಿನಿಂದ ಹುಟ್ಟಿರುತ್ತದೆ. ತೆಲುಗರ ಗುಂಪಿನಲ್ಲಿ ತೆಲುಗಿನಿಂದ. ಕನ್ನಡದವರ ಗುಂಪಿನಲ್ಲಿ, ಕೇಳಬೇಕೇ, ಕನ್ನಡದಿಂದ. ಕೋಲಾರದವರಾದ ನಮ್ಮ ಫೋನಿಗೆ ಮೂರೂ ಬರುತ್ತವೆ. ಒಂದೇ ಬೆಳಿಗ್ಗೆ ಮೂರು ತಾಯಂದಿರು ಸಿಕ್ಕರೆ ಪಾಪ ಆ ಕೊರಿಯನ್ ಭಾಷೆ ಏನು ಮಾಡಬೇಕು?

"ಮಾಮ, ಇದು ನಿಜಾನಾ?" ಎಂದು ಅವಳು ಕೇಳಿದಳು. ಚಿಕ್ಕ ಉತ್ತರ, ಅಲ್ಲ. ಉದ್ದದ ಉತ್ತರವನ್ನು ಇಲ್ಲಿ ಬರೆದಿದ್ದೇನೆ.

ಮೊದಲನೆಯದಾಗಿ, ಈ ವಾದ ವಾಟ್ಸಾಪ್‌ನಲ್ಲಿ ಹುಟ್ಟಿದ್ದಲ್ಲ. ಹೋಮರ್ ಹಲ್ಬರ್ಟ್ ಎಂಬ ಅಮೆರಿಕದ ಪಾದ್ರಿ ಕೊರಿಯಾದಲ್ಲಿದ್ದುಕೊಂಡು, 1905ರಲ್ಲಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ವ್ಯಾಕರಣವನ್ನು ಹೋಲಿಸಿ ಪುಸ್ತಕವನ್ನೇ ಬರೆದರು. ಹಾಗೆ ಅನ್ನಿಸಲು ಕಾರಣಗಳೂ ಇದ್ದವು. ಎರಡರಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಎರಡರಲ್ಲೂ ಪ್ರತ್ಯಯಗಳು ಪದದ ಬಾಲಕ್ಕೆ ಅಂಟುತ್ತವೆ. ಕೊರಿಯನ್‌ನಲ್ಲಿ 'ನಾ' ಅಂದರೆ ನಾನು. ಇದಕ್ಕೆ ಜೊತೆಯಾಗಿ ಒಂದು ಕಥೆಯೂ ಇದೆ. ಅಯುತ ಎಂಬ ದೂರದ ದೇಶದಿಂದ ಒಬ್ಬ ರಾಜಕುಮಾರಿ ಹಡಗಿನಲ್ಲಿ ಬಂದು, ಕ್ರಿ.ಶ. 48ರಲ್ಲಿ ಕೊರಿಯಾದ ಗಯಾ ರಾಜ್ಯದ ಸುರೊ ದೊರೆಯನ್ನು ಮದುವೆಯಾದಳು ಎಂದು ಅಲ್ಲಿನ 'ಸಂಗುಕ್ ಯುಸಾ' ಎಂಬ ಹಳೆಯ ಗ್ರಂಥ ಹೇಳುತ್ತದೆ. ಆ ಅಯುತ ನಮ್ಮ ಅಯೋಧ್ಯೆ ಎಂದು ಕೆಲವರು, ಅಲ್ಲ ತಮಿಳುನಾಡಿನ ಕಡೆಯದು ಎಂದು ಇನ್ನು ಕೆಲವರು. ಆದರೆ ಸಂಗುಕ್ ಯುಸಾ ಬರೆದದ್ದು 13ನೇ ಶತಮಾನದಲ್ಲಿ. ಮದುವೆಗೂ ಬರಹಕ್ಕೂ ನಡುವೆ 1200 ವರ್ಷ. ನಮ್ಮೂರಿನ ಗುಡಿಯ ಸ್ಥಳಪುರಾಣದಷ್ಟೇ ಅದನ್ನು ನಂಬಬಹುದು.

ಇನ್ನು ವ್ಯಾಕರಣ. ಕ್ರಿಯಾಪದ ಕೊನೆಗೆ ಬರುವುದು ಜಪಾನಿಯಲ್ಲೂ ಇದೆ, ಟರ್ಕಿಯಲ್ಲೂ ಇದೆ. ಅಷ್ಟಕ್ಕೇ ಬಳಗ ಎನ್ನುವುದಾದರೆ ಅರ್ಧ ಲೋಕ ನಮ್ಮ ನೆಂಟರಾಗುತ್ತದೆ.

ಹಾಗಾದರೆ ಎರಡು ಭಾಷೆ ನೆಂಟರು ಎಂದು ಹೇಳುವುದು ಯಾವಾಗ? ಇದಕ್ಕೆ ನಮ್ಮ ಕಡೆಯವರು ದೂರ ಹೋಗಬೇಕಾಗಿಲ್ಲ. ಚಿಕ್ಕಬಳ್ಳಾಪುರದಿಂದ ಉತ್ತರಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಊರಿನ ಬೋರ್ಡುಗಳನ್ನು ಓದುತ್ತಾ ಹೋದರೆ ಸಾಕು. ಶುರುವಿನಲ್ಲಿ ಎಲ್ಲ ಹಳ್ಳಿ, ಹಳ್ಳಿ, ಹಳ್ಳಿ. ಆಂಧ್ರದ ಗಡಿ ಹತ್ತಿರವಾದಂತೆ ಪಲ್ಲಿಗಳು ಜಾಸ್ತಿಯಾಗುತ್ತವೆ. ಬಾಗೇಪಲ್ಲಿ ಬರುತ್ತದೆ. ಶ್ರೀನಿವಾಸಪುರದ ಕಡೆಗೆ ತಿರುಗಿದರೆ ಗೌನಿಪಲ್ಲಿ. ಹಳ್ಳಿಯೂ ಪಲ್ಲಿಯೂ ಒಂದೇ ಪದ. ಕನ್ನಡದಲ್ಲಿ ಪದದ ಮೊದಲಿಗಿದ್ದ 'ಪ' ಸುಮಾರು ಸಾವಿರ ವರ್ಷದಿಂದೀಚೆಗೆ ಮೆಲ್ಲಗೆ 'ಹ' ಆಯಿತು. ತೆಲುಗಿನಲ್ಲೂ ತಮಿಳಿನಲ್ಲೂ ಆಗಲಿಲ್ಲ. ಹಾಗಾಗಿ ನಾವು ಹಾಲು ಕುಡಿಯುತ್ತೇವೆ, ಪಕ್ಕದ ಮನೆಯ ತೆಲುಗಿನವರು ಪಾಲು ಕುಡಿಯುತ್ತಾರೆ. ನಮ್ಮದು ಹುಲಿ, ಅವರದು ಪುಲಿ. ನಮಗೆ ಹೂ, ಅವರಿಗೆ ಪುವ್ವು. ಹಂದಿ ಅವರಲ್ಲಿ ಪಂದಿ, ಹಣ್ಣು ಪಂಡು, ಹೆಸರು ಪೇರು.

ಇಲ್ಲಿ ಗಮನಿಸಬೇಕಾದ್ದು ಹೋಲಿಕೆಯನ್ನಲ್ಲ, ವ್ಯತ್ಯಾಸವನ್ನು. ಆ ವ್ಯತ್ಯಾಸ ಒಂದೇ ಲೆಕ್ಕದಲ್ಲಿ ನಡೆಯುತ್ತದೆ. ಅವರ ಪದದ ಮೊದಲು 'ಪ' ಇದ್ದ ಕಡೆ ನಮ್ಮಲ್ಲಿ 'ಹ' ಇರುತ್ತದೆ ಎಂದು ಮುಂಚೆಯೇ ಊಹಿಸಬಹುದು. ಊಹೆ ಒಂದಾದ ಮೇಲೊಂದು ನಿಜವಾಗುತ್ತಾ ಹೋಗುತ್ತದೆ. ನೆಂಟಸ್ತನ ಗೊತ್ತಾಗುವುದು ಹೀಗೆ. ಮದರಾಸಿನಲ್ಲಿದ್ದ ಎಲ್ಲಿಸ್ ಎಂಬ ಇಂಗ್ಲಿಷ್ ಅಧಿಕಾರಿ 1816ರಲ್ಲಿ, ಆಮೇಲೆ ಕಾಲ್ಡ್‌ವೆಲ್ ಎಂಬ ಪಾದ್ರಿ 1856ರಲ್ಲಿ, ದಕ್ಷಿಣದ ಭಾಷೆಗಳು ಒಂದೇ ಕುಟುಂಬ ಎಂದು ತೋರಿಸಿದಾಗ ನೆಚ್ಚಿಕೊಂಡದ್ದು ಇಂಥ ಬೇರುಪದಗಳನ್ನು ಮತ್ತು ಪ್ರತ್ಯಯಗಳನ್ನು. ಬರೀ ಅಪ್ಪ ಅಮ್ಮನನ್ನಲ್ಲ.

ಕೊರಿಯನ್ ಮುಂದೆ ಈ ಪರೀಕ್ಷೆ ಇಡಿ. ಹೂವಿಗೆ ಅವರು 'ಕ್ಕೊತ್' ಎನ್ನುತ್ತಾರೆ. ಹುಲಿಗೆ 'ಹೊರಾಂಗಿ'. ಆಹಾ, ಹುಲಿ, ಹೊರಾಂಗಿ, ಎರಡೂ 'ಹ'ಕಾರ ಎಂದು ಕುಣಿಯುವಷ್ಟರಲ್ಲಿ ಆಟ ಕೆಡುತ್ತದೆ. ನಮ್ಮ ಹುಲಿ ಹಳೆಗನ್ನಡದಲ್ಲಿ ಪುಲಿ. ಅವರ ಹೊರಾಂಗಿಯ 'ಹೊ' ಚೀನಿ ಭಾಷೆಯಿಂದ ತಂದದ್ದು. ಎರಡು ಬೇರೆ ದಾರಿಯಲ್ಲಿ ಬಂದು ಒಂದು ಬಸ್‌ಸ್ಟಾಪಿನಲ್ಲಿ ಅಕ್ಕಪಕ್ಕ ನಿಂತ ಅಪರಿಚಿತರು ಅವು, ಅಷ್ಟೇ.

ಭಾಷೆಗಳ ನಡುವೆ ಪದ ಒಂದೇ ಆಗಿರಲು ಇನ್ನೊಂದು ದಾರಿ ಸಾಲ. ಅದಕ್ಕೂ ನಮ್ಮ ಜಿಲ್ಲೆಯಲ್ಲೇ ಸಾಕ್ಷಿ ಇದೆ. ಶ್ರೀನಿವಾಸಪುರದಲ್ಲಿ ಮಾವಿನ ಕಾಲದಲ್ಲಿ ಮಂಡಿಗಳ ಮುಂದೆ ತೋತಾಪುರಿ ಗುಡ್ಡೆ ಬಿದ್ದಿರುತ್ತದೆ. ಬೋರ್ಡಿನ ಮೇಲೆ 'ಮ್ಯಾಂಗೋ' ಎಂದು ಬರೆದಿರುತ್ತಾರೆ. ಇಂಗ್ಲಿಷ್ ಪದ ಎಂದುಕೊಂಡೇ ಬರೆಯುತ್ತಾರೆ. ಅದು ತಮಿಳಿನ ಮಾಂಗಾಯ್, ಮಲಯಾಳದ ಮಾಂಙ. ಮಾವು ಮತ್ತು ಕಾಯಿ ಎರಡೂ ಅದರೊಳಗೇ ಇವೆ. ಕೇರಳದ ಕರಾವಳಿಯಲ್ಲಿ ಪೋರ್ಚುಗೀಸರು ಕೇಳಿ 'ಮಂಗ' ಎಂದರು, ಅವರಿಂದ ಇಂಗ್ಲಿಷಿಗೆ ಹೋಯಿತು, ಈಗ ಟೆಟ್ರಾಪ್ಯಾಕಿನ ಮೇಲೆ ಕೂತು ವಾಪಸ್ ಬಂದಿದೆ. 'ಮ್ಯಾಂಗೋ ಕಾಯಿ' ಎಂದು ಯಾರಾದರೂ ಹೇಳಿದರೆ ಕಾಯಿಯನ್ನು ಎರಡು ಸಲ ಹೇಳಿದಂತಾಯಿತು. ಇಂಥ ಪದಗಳು ಎಲ್ಲಿಂದ ಹೊರಟು ಎಲ್ಲಿಗೆ ಬಂದವು ಎಂದು ಹಡಗು, ವ್ಯಾಪಾರ, ದಾಖಲೆ ಹಿಡಿದು ಹೇಳಬಹುದು.

ಮೂರನೆಯದು ಕಾಕತಾಳೀಯ. ಇದನ್ನು ಜನ ಒಪ್ಪುವುದೇ ಇಲ್ಲ. ಎರಡು ಪದ ಅಚ್ಚೊತ್ತಿದ ಹಾಗಿದ್ದರೆ ಏನೋ ಸಂಬಂಧ ಇರಲೇಬೇಕು ಎಂದು ಮನಸ್ಸು ಹಟ ಹಿಡಿಯುತ್ತದೆ. ಆದರೆ ಪರ್ಷಿಯನ್ ಭಾಷೆಯಲ್ಲಿ 'ಬದ್' ಅಂದರೆ ಕೆಟ್ಟದ್ದು. ಇಂಗ್ಲಿಷಿನಲ್ಲೂ 'ಬ್ಯಾಡ್' ಕೆಟ್ಟದ್ದೇ. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಮಜಾ ಏನೆಂದರೆ ನಮ್ಮ ಊರಿನ ಉರ್ದುವಿನಲ್ಲಿ ದಿನಾ ಕೇಳುವ 'ಬದ್ನಾಮ್' ಎಂಬ ಪದ. ಅದರ ಅರ್ಧ, 'ಬದ್', ಇಂಗ್ಲಿಷಿಗೆ ಸುಮ್ನೆ ಹೋಲುತ್ತದೆ. ಇನ್ನರ್ಧ, 'ನಾಮ್', ಇಂಗ್ಲಿಷಿನ 'ನೇಮ್'ಗೆ ನಿಜವಾಗಲೂ ರಕ್ತಸಂಬಂಧಿ. ಒಂದೇ ಪದದೊಳಗೆ ಕಳ್ಳ ನೆಂಟನೂ ಇದ್ದಾನೆ, ಸ್ವಂತ ನೆಂಟನೂ ಇದ್ದಾನೆ. ಬರೀ ಕಿವಿಯಿಂದ ಕೇಳಿ ಯಾರು ಯಾರೆಂದು ಹೇಳಲು ಆಗುವುದಿಲ್ಲ.

ಆಸ್ಟ್ರೇಲಿಯಾದ್ದು ಇನ್ನೂ ಜೋರು. ಕ್ವೀನ್ಸ್‌ಲ್ಯಾಂಡಿನಲ್ಲಿ ಎಂಬಬರಂ ಎಂಬ ಮೂಲನಿವಾಸಿಗಳ ಭಾಷೆ ಇತ್ತು. ಡಿಕ್ಸನ್ ಎಂಬ ಭಾಷಾಶಾಸ್ತ್ರಜ್ಞ ಅದನ್ನು ಬಲ್ಲ ಕೊನೆಯ ಮುದುಕರೊಬ್ಬರನ್ನು ಹುಡುಕಿಕೊಂಡು ಹೋಗಿ, ನಾಯಿಗೆ ಏನೆನ್ನುತ್ತೀರಿ ಎಂದು ಕೇಳಿದರು. ಬಂದ ಉತ್ತರ 'ಡಾಗ್'. ಇಂಗ್ಲಿಷಿನಿಂದ ಬಂದದ್ದಲ್ಲ. ಪಕ್ಕದ ಭಾಷೆಗಳಲ್ಲಿ 'ಗುಡಗ' ಎಂದಿದ್ದದ್ದು ಈ ಭಾಷೆಯ ನಿಯಮದಂತೆ ಸವೆದು ಸವೆದು ಅಲ್ಲಿಗೆ ಬಂದು ನಿಂತಿತ್ತು.

ಅಪ್ಪ ಅಮ್ಮ ಈ ಮೂರರಲ್ಲಿ ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ಎಷ್ಟು ಭಾಷೆ ನೋಡಿದರೂ ಇವು ಸಿಗುತ್ತವೆ. ಚೀನಿಯಲ್ಲಿ ಮಾಮ, ಬಾಬ. ಪೂರ್ವ ಆಫ್ರಿಕಾದ ಸ್ವಾಹಿಲಿಯಲ್ಲೂ ಮಾಮ, ಬಾಬ. ಹಂಗೇರಿಯಲ್ಲಿ ಅಪ್ಪನಿಗೆ 'ಅಪ'. ಸ್ಪೇನ್ ಮತ್ತು ಫ್ರಾನ್ಸ್ ಗಡಿಯ ಬಾಸ್ಕ್ ಭಾಷೆಗೆ ಲೋಕದಲ್ಲಿ ಒಂದೂ ನೆಂಟ ಭಾಷೆ ಸಿಕ್ಕಿಲ್ಲ, ಅದರಲ್ಲೂ ತಾಯಿ 'ಅಮ'. ನಾಲ್ಕು ಸಾವಿರ ವರ್ಷದ ಹಿಂದೆ ಮಣ್ಣಿನ ಹಲಗೆಗಳ ಮೇಲೆ ಬರೆದ ಸುಮೇರಿಯನ್ ಭಾಷೆಯಲ್ಲೂ ತಾಯಿ 'ಅಮ'. ಇವೆಲ್ಲ ಸಾಲ ಪಡೆದವು ಎನ್ನಲು ಆಗುವುದಿಲ್ಲ. ಅಮ್ಮನನ್ನು ಏನೆಂದು ಕರೆಯಬೇಕು ಎಂದು ಕೇಳಿಕೊಂಡು ಬರಲು ಯಾರೂ ಹಡಗು ಹತ್ತುವುದಿಲ್ಲ. ಇಷ್ಟೊಂದು ಕಡೆ ಕಾಕತಾಳೀಯ ಎನ್ನುವುದೂ ಕಷ್ಟ.

ಜಾರ್ಜ್ ಮರ್ಡಾಕ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ ಲೋಕದ ಮೂಲೆಮೂಲೆಯಿಂದ ತಂದೆ ತಾಯಿಗೆ ಇರುವ 1072 ಪದಗಳನ್ನು ಕಲೆಹಾಕಿದರು. ತಾಯಿಯ ಪದಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮ, ನ ಸದ್ದಿನವು. ತಂದೆಯ ಪದಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪ, ಬ, ತ, ದ ಸದ್ದಿನವು. ಇದಕ್ಕೆ ಕಾರಣ ಹೇಳಿದವರು ರೋಮನ್ ಯಾಕಬ್ಸನ್. ಮಾಸ್ಕೋದಲ್ಲಿ ಹುಟ್ಟಿ, ಯುದ್ಧಕ್ಕೆ ಹೆದರಿ ದೇಶದಿಂದ ದೇಶಕ್ಕೆ ಓಡಿ, ಕೊನೆಗೆ ಅಮೆರಿಕ ಸೇರಿದ ಭಾಷಾಶಾಸ್ತ್ರಜ್ಞ. 1959ರ ಸುಮಾರಿಗೆ ಅವರು ಹೇಳಿದ್ದನ್ನು ನಮ್ಮ ಬೀದಿಯಲ್ಲೇ ನೋಡಬಹುದು. ನಾನು ನೋಡಿದ್ದೇನೆ.

ನಮ್ಮ ಎದುರು ಮನೆಯಲ್ಲಿ ತೆಲುಗು ಮಾತಾಡುತ್ತಾರೆ. ಅವರ ಮೊಮ್ಮಗುವಿಗೆ ಕೂರುವುದು ಆಗತಾನೇ ಬಂದಿತ್ತು. ಸಂಜೆ ಹೊತ್ತು ಅದನ್ನು ಜಗಲಿಯ ಮೇಲೆ ಕೂರಿಸುತ್ತಿದ್ದರು. ಬಾಯಿಗೆ ಬೆರಳಿಟ್ಟುಕೊಂಡು, ಜೊಲ್ಲು ಸುರಿಸುತ್ತಾ, ಅದು ತನ್ನಷ್ಟಕ್ಕೆ "ತ್ತ ತ್ತ ತ್ತಾ" ಎನ್ನುತ್ತಿತ್ತು. ಮನೆಯ ಯಜಮಾನರು ಪೇಪರ್ ಕೆಳಗಿಟ್ಟು ಬೀಗುತ್ತಿದ್ದರು: "ನೋಡಿ, ತಾತ ಅಂತಿದೆ." ಸ್ವಲ್ಪ ಹೊತ್ತಿಗೆ "ನ್ನ ನ್ನ ನ್ನ" ಶುರು. ಕೆಲಸದಿಂದ ಬಂದು ಬೈಕ್ ನಿಲ್ಲಿಸುತ್ತಿದ್ದ ಮಗುವಿನ ತಂದೆಗೆ ಖುಷಿಯೋ ಖುಷಿ. ತೆಲುಗಿನಲ್ಲಿ ನಾನ್ನ ಅಂದರೆ ಅಪ್ಪ. ಪಕ್ಕದ ಮನೆಯ, ಬಟ್ಟೆ ಹೊಲಿಯುವ ಆಪಾ ಕಾಂಪೌಂಡಿನ ಆಚೆಯಿಂದ ನಗುತ್ತಿದ್ದರು. ಅವರ ಉರ್ದುವಿನಲ್ಲಿ ನಾನಾ ಅಂದರೆ ತಾಯಿಯ ತಂದೆ. ಅವರ ಮನೆಯ ಮಗುವೇ ಹೀಗೆ ಅಂದಿದ್ದರೆ ಬೀಗುವ ಸರದಿ ಬೇರೆ ಮುದುಕರದ್ದಾಗುತ್ತಿತ್ತು. ಹಸಿವಾದಾಗ ಅದೇ ಮಗು ಬಾಯಿ ಮುಚ್ಚಿಕೊಂಡೇ ಮೂಗಿನಿಂದ "ಮ್ಮ್ ಮ್ಮ್" ಎಂದು ರಾಗ ಎಳೆಯುತ್ತಿತ್ತು. ಒಳಗಿನಿಂದ ತಾಯಿ ಓಡಿ ಬರುತ್ತಿದ್ದಳು. "ಅಮ್ಮ ಅಂತ ಕರೀತು."

ಮಗು ಯಾರನ್ನೂ ಕರೆದಿರಲಿಲ್ಲ. ಆರೇಳು ತಿಂಗಳಿಗೆ ಮಕ್ಕಳು ದವಡೆಯನ್ನು ಮೇಲೆ ಕೆಳಗೆ ಆಡಿಸುತ್ತಾ ಸದ್ದು ಹೊರಡಿಸುವ ಆಟ ಶುರು ಮಾಡುತ್ತವೆ. ತುಟಿ ಕೂಡಿ ಬಿಟ್ಟರೆ ಪ, ಬ, ಮ. ನಾಲಿಗೆ ತುದಿ ಮೇಲಕ್ಕೆ ತಾಗಿದರೆ ತ, ದ, ನ. ಬಾಯಿ ತೆರೆದರೆ 'ಅ' ತಾನಾಗಿ ಬರುತ್ತದೆ. ಅದಕ್ಕಿಂತ ಸುಲಭದ ಸದ್ದುಗಳಿಲ್ಲ. ರ, ಳ ಬರುವುದಕ್ಕೆ ವರ್ಷಗಳೇ ಬೇಕು. ಕೋಲಾರ ಎನ್ನಲು ಹೋಗಿ 'ಕೋಯಾಯ' ಎನ್ನುವ ಮಕ್ಕಳನ್ನು ನೀವೂ ನೋಡಿರುತ್ತೀರಿ. ಯಾಕಬ್ಸನ್ ಗಮನಿಸಿದ್ದು ಇನ್ನೂ ಒಂದು ಸೂಕ್ಷ್ಮ. ಮೊಲೆ ಬಾಯಲ್ಲಿದ್ದಾಗ ತುಟಿ ಮುಚ್ಚಿರುತ್ತದೆ, ಆಗ ಹೊರಡುವುದಕ್ಕೆ ಸಾಧ್ಯವಿರುವ ಸದ್ದು ಮೂಗಿನದು ಮಾತ್ರ. ಹಾಲು ಕುಡಿಯುವಾಗಿನ ಆ ಗುನುಗು ಆಮೇಲೆ ಹಾಲು ಬೇಕೆನ್ನುವ ಗುನುಗಾಗುತ್ತದೆ, ಬರಬರುತ್ತಾ ಹಾಲು ಕೊಡುವವಳ ಹೆಸರಾಗುತ್ತದೆ.

ಅಂದರೆ ಸದ್ದು ಮಗುವಿನದು, ಅರ್ಥ ದೊಡ್ಡವರದು. ಪ್ರತಿ ಭಾಷೆಯವರೂ ಈ ನಾಲ್ಕಾರು ಸದ್ದುಗಳನ್ನು ಮನೆಯ ನಾಲ್ಕಾರು ಜನರಿಗೆ ಹಂಚಿಕೊಂಡಿದ್ದಾರೆ. ಹಂಚುವಾಗ ಎಲ್ಲ ಕಡೆ ಒಂದೇ ರೀತಿ ಹಂಚಲಿಲ್ಲ. ನನಗೆ ಹೆಚ್ಚು ಇಷ್ಟವಾಗುವುದು ಈ ಭಾಗವೇ.

ಜಾರ್ಜಿಯಾ ದೇಶದಲ್ಲಿ 'ಮಾಮ' ಅಂದರೆ ಅಪ್ಪ. ಅಮ್ಮನಿಗೆ 'ದೆದ'. ಇದನ್ನು ಹೇಳಿದರೆ ಜನ ಆಶ್ಚರ್ಯಪಡುತ್ತಾರೆ. ಆದರೆ ನಮ್ಮದೇ ರಾಜ್ಯದಲ್ಲಿ ಇಂಥದ್ದು ಇದೆ. ತುಳುವಿನಲ್ಲಿ 'ಅಪ್ಪೆ' ಅಂದರೆ ತಾಯಿ, 'ಅಮ್ಮೆ' ಅಂದರೆ ತಂದೆ. ಮಂಗಳೂರಿನ ಕಡೆಯ ಸೊಸೆ ಕೋಲಾರದ ಮನೆಗೆ ಬಂದರೆ ಮೊದಲ ವಾರ ಸ್ವಲ್ಪ ಗೊಂದಲ ಗ್ಯಾರಂಟಿ. 'ಅಬ್ಬ' ಇನ್ನೊಂದು. ಉರ್ದುವಿನಲ್ಲಿ ಅಬ್ಬಾ ತಂದೆ. ಯೇಸುವಿನ ಕಾಲದ ಅರಮಾಯಿಕ್ ಭಾಷೆಯಲ್ಲೂ ಅಬ್ಬಾ ತಂದೆಯೇ. ಹಳೆಗನ್ನಡದಲ್ಲಿ ಮಾತ್ರ 'ಅಬ್ಬೆ' ತಾಯಿ. ಹವ್ಯಕರ ಮನೆಗಳಲ್ಲಿ ಇವತ್ತಿಗೂ ಅಬ್ಬೆ ಅಂದರೆ ಅಮ್ಮ. ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರಿನ ಬಾಲದಲ್ಲಿರುವುದು ಅದೇ ಅಬ್ಬೆ. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದ ಆ ಹೆಂಗಸು ಈಗ ಹುಟ್ಟಿದ್ದರೆ ಅತ್ತಿಮಮ್ಮ ಆಗುತ್ತಿದ್ದಳೋ ಏನೋ.

'ತಾತ'ನ ಹಂಚಿಕೆಯೂ ಹಾಗೇ. ಕೋಲಾರದಲ್ಲಿ ತಾತ ಅಂದರೆ ಅಪ್ಪನ ಅಥವಾ ಅಮ್ಮನ ತಂದೆ. ಸಂಸ್ಕೃತದಲ್ಲಿ 'ತಾತ' ತಂದೆ. ರುಮೇನಿಯಾದಲ್ಲೂ ತಂದೆ. ಒಂದು ತಲೆಮಾರು ಆಚೀಚೆ.

ಇನ್ನು 'ಮಾಮ'. ನನ್ನ ಅಕ್ಕನ ಮಗಳು ನನ್ನನ್ನು ಕರೆಯುವುದು ಹಾಗೆ. ಕನ್ನಡದ ಮಾವ ನಮ್ಮ ಕಡೆ ತೆಲುಗಿನ ಗಾಳಿಗೆ ಮಾಮ ಆಗಿದ್ದಾನೆ. ಹಿಂದಿಯಲ್ಲೂ ತಾಯಿಯ ಅಣ್ಣ ತಮ್ಮಂದಿರು ಮಾಮಾಗಳೇ. ಒಂದೇ ಪದಕ್ಕೆ ಚೀನಾದಲ್ಲಿ ಅಮ್ಮ ತಿರುಗಿ ನೋಡುತ್ತಾಳೆ, ಜಾರ್ಜಿಯಾದಲ್ಲಿ ಅಪ್ಪ, ಕೋಲಾರದಲ್ಲಿ ನಾನು. ಬೆಂಗಳೂರಿನಲ್ಲಿ ಹೆಲ್ಮೆಟ್ ಇಲ್ಲದ ಹುಡುಗರು "ಮಾಮ ನಿಂತವ್ನೆ" ಅಂದರೆ ಟ್ರಾಫಿಕ್ ಪೊಲೀಸ್.

ಇದಕ್ಕೂ ಒಂದು ತಕರಾರು ಇದೆ. ಲೋಕದ ಮೊದಲ ಭಾಷೆಯಲ್ಲೇ ಈ ಪದಗಳಿದ್ದವು, ಅಲ್ಲಿಂದ ಎಲ್ಲರಿಗೂ ಬಂದವು ಎಂದು ವಾದಿಸುವ ವಿದ್ವಾಂಸರಿದ್ದಾರೆ. ನನಗೆ ಒಪ್ಪಿಗೆಯಾಗುವುದಿಲ್ಲ. ಹಾಲು, ಹುಲಿ, ಹೂವಿನಂಥ ಗಟ್ಟಿ ಪದಗಳೇ ಒಂದು ಸಾವಿರ ವರ್ಷದಲ್ಲಿ 'ಪ' ಕಳೆದುಕೊಂಡು ಕೂತಿವೆ. ಹತ್ತಾರು ಸಾವಿರ ವರ್ಷ ಅಪ್ಪ ಅಮ್ಮ ಮಾತ್ರ ಕೂದಲು ಕೊಂಕದೆ ಉಳಿದವು ಎಂದರೆ ಹೇಗೆ ನಂಬುವುದು? ಅವು ಉಳಿದುಕೊಂಡು ಬಂದಿಲ್ಲ. ತಲೆಮಾರಿಗೊಮ್ಮೆ ಹೊಸದಾಗಿ ಹುಟ್ಟುತ್ತಿವೆ. ಇಂಗ್ಲಿಷಿನ 'ಫಾದರ್' ನೋಡಿ. ಲ್ಯಾಟಿನ್ನಿನಲ್ಲಿ 'ಪಾತೆರ್' ಎಂದು ಉಳಿದ ಪದವೇ ಇಂಗ್ಲಿಷಿನಲ್ಲಿ ಪಕಾರ ಫಕಾರವಾಗಿ ಫಾದರ್ ಆಯಿತು. 'ಪಪ್ಪಾ' ಮಾತ್ರ ಪಪ್ಪಾ ಆಗಿಯೇ ಇದೆ. ದೊಡ್ಡವರ ಪದಕ್ಕೆ ಕಾನೂನು, ಮಕ್ಕಳ ಪದಕ್ಕೆ ವಿನಾಯಿತಿ.

ವಿನಾಯಿತಿ ತಪ್ಪಿಹೋದದ್ದೂ ಉಂಟು. ಜಪಾನಿನಲ್ಲಿ ತಾಯಿಗೆ 'ಹಹ' ಎನ್ನುತ್ತಾರೆ. ಈ ಹಹಕ್ಕೂ ಅಮ್ಮನಿಗೂ ಏನು ಹೋಲಿಕೆ ಎನ್ನಿಸುತ್ತದೆ. ಆದರೆ ಜಪಾನಿಯಲ್ಲೂ ನಮ್ಮ ಹಾಗೇ ಹಳೆಯ 'ಪ' ಮೊದಲು 'ಫ'ದಂಥ ಸದ್ದಾಗಿ ಆಮೇಲೆ 'ಹ' ಆಗಿದೆ. ಒಂದು ಕಾಲದಲ್ಲಿ ಅವರ ತಾಯಿ 'ಪಪ'. ಇದಕ್ಕೆ ಒಂದು ಒಗಟು ಸಾಕ್ಷಿ. ಗೊ-ನಾರ ಎಂಬ ಚಕ್ರವರ್ತಿಯ ಹೆಸರಿನಲ್ಲಿ 1516ರ ಒಗಟುಗಳ ಸಂಗ್ರಹವೊಂದಿದೆ. ಅದರಲ್ಲಿ ಕೇಳುತ್ತಾರೆ: ತಾಯಿಗೆ ಎರಡು ಸಲ ಸಿಗುತ್ತದೆ, ತಂದೆಗೆ ಒಂದು ಸಲವೂ ಸಿಗುವುದಿಲ್ಲ, ಏನದು? ಉತ್ತರ, ತುಟಿ. ಈಗಿನ ಜಪಾನಿಯಲ್ಲಿ ಈ ಒಗಟಿಗೆ ತಲೆಬುಡವಿಲ್ಲ. 'ಹಹ' ಎನ್ನುವಾಗ ತುಟಿ ಕೂಡುವುದೇ ಇಲ್ಲ. ಆ ಕಾಲದಲ್ಲಿ ಅದು 'ಫಫ' ಆಗಿತ್ತು, ತುಟಿ ಎರಡು ಸಲ ಹತ್ತಿರ ಬರುತ್ತಿತ್ತು. ತಂದೆಗೆ 'ಚಿಚಿ', ತುಟಿಗೆ ಅಲ್ಲಿ ಕೆಲಸವೇ ಇಲ್ಲ. ಐನೂರು ವರ್ಷದ ಹಿಂದಿನ ಉಚ್ಚಾರಣೆಯನ್ನು ಒಂದು ಒಗಟು ಕಾಪಾಡಿಕೊಂಡು ಬಂದಿದೆ. ನಮ್ಮ ಅಜ್ಜಿಯರ ಒಗಟುಗಳಲ್ಲಿ ಏನೇನು ಅಡಗಿದೆಯೋ, ಯಾರಾದರೂ ಕೂತು ನೋಡಬೇಕು.

ಇಲ್ಲಿ ಇನ್ನೊಂದು ಚಂದ ಇದೆ. ಕನ್ನಡಕ್ಕೂ ಜಪಾನಿಗೂ ಸಂಬಂಧವಿಲ್ಲ. ಆದರೂ ಎರಡೂ ಪಕಾರವನ್ನು ಹಕಾರ ಮಾಡಿಕೊಂಡವು, ಎರಡೂ ಒತ್ತಕ್ಷರದ 'ಪ್ಪ'ವನ್ನು ಮಾತ್ರ ಮುಟ್ಟಲಿಲ್ಲ. ಜಪಾನಿಗರು ತಮ್ಮ ದೇಶವನ್ನು 'ನಿಹೋನ್' ಎಂದೂ ಕರೆಯುತ್ತಾರೆ, 'ನಿಪ್ಪೋನ್' ಎಂದೂ ಕರೆಯುತ್ತಾರೆ. ಒತ್ತು ಇದ್ದ ಕಡೆ ಪ ಉಳಿಯಿತು. ನಮ್ಮಲ್ಲಿ ಪಾಲು ಹಾಲಾಯಿತು, ಆದರೆ ಅದೇ ಹಾಲಿನ ತುಪ್ಪ ತುಪ್ಪವಾಗಿಯೇ ಇದೆ. ಉಪ್ಪು, ಸೊಪ್ಪು, ಅಪ್ಪ, ಎಲ್ಲ ಬಚಾವ್.

ಒತ್ತಿಲ್ಲದೆಯೂ ಬಚಾವಾದ ಒಂದು ಪದ 'ಪಾಪ'. ಎಳೆ ಮಗುವಿಗೆ ನಾವು ಪಾಪ, ಪಾಪು ಎನ್ನುತ್ತೇವೆ. ನಿಯಮದ ಪ್ರಕಾರ ಅದು 'ಹಾಪ' ಆಗಬೇಕಿತ್ತು. ಮಕ್ಕಳ ಬಾಯಿಗೆ ಹತ್ತಿರದ ಪದವಾದ್ದರಿಂದ ಉಳಿಯಿತು, ತೆಲುಗಿನ ಪಾಪ, ತಮಿಳಿನ ಪಾಪ್ಪಾ ಪಕ್ಕದಲ್ಲೇ ಇದ್ದು ಒತ್ತಾಸೆಯೂ ಕೊಟ್ಟವು ಎಂದು ನನ್ನ ಲೆಕ್ಕ. 'ಅಯ್ಯೋ ಪಾಪ'ದಲ್ಲಿರುವ ಪಾಪ ಬೇರೆ, ಅದು ಸಂಸ್ಕೃತದ್ದು. ಎರಡೂ ಕನ್ನಡದಲ್ಲಿ ಒಂದರ ಪಕ್ಕ ಒಂದು ಕೂತಿವೆ, ಬಿದ್ದು ಅಳುವ ಮಗುವಿಗೆ ಯಾವುದನ್ನು ಹೇಳಿದರೂ ಸರಿ.

ಕಣ್ಣಿನ ನಡುವಿನ ಕಪ್ಪು ಬೊಟ್ಟಿಗೆ ಕನ್ನಡದಲ್ಲಿ ಕಣ್ಣಪಾಪೆ ಎನ್ನುತ್ತೇವೆ. ತೆಲುಗಿನಲ್ಲಿ ಕಂಟಿಪಾಪ, ಕಣ್ಣಿನ ಮಗು. ಲ್ಯಾಟಿನ್ನಿನಲ್ಲಿ ಅದಕ್ಕೆ 'ಪುಪಿಲ್ಲ' ಎಂದರು. ಪುಪಿಲ್ಲ ಅಂದರೆ ಪುಟ್ಟ ಹುಡುಗಿ, ಗೊಂಬೆ. ಇಂಗ್ಲಿಷಿನ 'ಪ್ಯೂಪಿಲ್' ಅದರಿಂದಲೇ ಬಂದದ್ದು. ಪದಗಳ ಸದ್ದೂ ಹತ್ತಿರ, ಅರ್ಥವೂ ಅದೇ, ನೆಂಟಸ್ತನ ಮಾತ್ರ ಇಲ್ಲ. ಯಾರದ್ದಾದರೂ ಕಣ್ಣನ್ನು ತೀರಾ ಹತ್ತಿರದಿಂದ ನೋಡಿದರೆ ಕಾರಣ ಗೊತ್ತಾಗುತ್ತದೆ. ಆ ಕಪ್ಪಿನಲ್ಲಿ ನಿಮ್ಮದೇ ಒಂದು ಚಿಕ್ಕ ಗೊಂಬೆ ಕಾಣಿಸುತ್ತದೆ. ಗ್ರೀಕರೂ ಕಣ್ಣಪಾಪೆಗೆ ಹುಡುಗಿ ಎಂಬ ಪದವನ್ನೇ ಇಟ್ಟುಕೊಂಡಿದ್ದರು, 'ಕೋರೆ' ಎಂದು. ಸಂಸ್ಕೃತದ 'ಕನೀನಿಕಾ'ದ ಒಳಗಿರುವುದೂ ಕನ್ಯೆಯೇ. ಇದು ಒಬ್ಬರಿಂದ ಒಬ್ಬರು ಕಲಿಯಬೇಕಾದ ಸಂಗತಿಯಲ್ಲ. ಎದುರಿಗೆ ಒಂದು ಕಣ್ಣಿದ್ದರೆ ಸಾಕು.

ಮಗು ಕೊಟ್ಟ ಸದ್ದನ್ನು ಹಿಡಿದುಕೊಂಡು ದೊಡ್ಡವರು ಎಲ್ಲಿಯವರೆಗೆ ಹೋಗಬಹುದು ಎನ್ನುವುದಕ್ಕೆ ನಮ್ಮ 'ಅಮ್ಮ'ನನ್ನೇ ನೋಡಬೇಕು. ಊರ ದೇವತೆ ಕೋಲಾರಮ್ಮ. ಚೋಳರ ಕಾಲದ ಗುಡಿ, ರಾಜೇಂದ್ರ ಚೋಳನ ಶಾಸನಗಳಿವೆ. ಅದೇ ಗುಡಿಯಲ್ಲಿ ಚೇಳಮ್ಮನೂ ಇದ್ದಾಳೆ. ಆಕೆಗೆ ನಡೆದುಕೊಂಡರೆ ಚೇಳು ಕಚ್ಚುವುದಿಲ್ಲ ಎಂಬ ನಂಬಿಕೆ. ಮನೆಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು ಎದ್ದರೆ 'ಅಮ್ಮ ಆಗಿದೆ' ಎನ್ನುತ್ತೇವೆ, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತೇವೆ, ಒಗ್ಗರಣೆ ಹಾಕುವುದು ಬಿಡುತ್ತೇವೆ. ಕಾಲು ಎಡವಿದರೆ 'ಅಮ್ಮಾ'. ಟೌನ್ ಬಸ್ಸಿನಲ್ಲಿ ಕಂಡಕ್ಟರ್ ಕಾಲೇಜು ಹುಡುಗಿಗೂ 'ಮುಂದೆ ಹೋಗಮ್ಮ', ಸೊಪ್ಪಿನ ಬುಟ್ಟಿ ಹೊತ್ತ ಅಜ್ಜಿಗೂ 'ಬೇಗ ಹತ್ತಮ್ಮ'. ಅಪ್ಪನೂ ಕಡಿಮೆಯೇನಲ್ಲ. ಮೂರು ವರ್ಷದ ಹುಡುಗನಿಗೂ 'ಯಾಕಪ್ಪಾ ಅಳ್ತೀಯಾ' ಎನ್ನುತ್ತೇವೆ. ಮಗುವಿನ ಮಾತು ಮಗುವಿಗೇ ವಾಪಸ್.

ಇಷ್ಟೆಲ್ಲ ಕೇಳಿದ ಮೇಲೆ ಅಕ್ಕನ ಮಗಳು ಒಂದು ಪಾಯಿಂಟ್ ಹಿಡಿದಳು. "ಹಾಗಾದ್ರೆ ಮಮ್ಮಿ, ಡ್ಯಾಡಿ ಅಂದ್ರೂ ಒಂದೇ ಅಲ್ವಾ ಮಾಮ? ಅದೂ ಮಕ್ಕಳ ಸದ್ದೇ. ಮತ್ತೆ ಅಜ್ಜಿ ಯಾಕೆ ಬೈತಾರೆ?"

ಭಾಷಾಶಾಸ್ತ್ರದ ಕಡೆಯಿಂದ ಅವಳು ಹೇಳಿದ್ದು ಸರಿ. ಮಮ್ಮಿ ಇಂಗ್ಲಿಷಿನಿಂದ ಬಂದ ಸಾಲವಾದರೂ ಅದರ ಬೇರು ಹಸಿದ ಮಗುವಿನ ಅದೇ 'ಮ್ಮ್ ಮ್ಮ್'. ಸದ್ದಿನಲ್ಲಿ ದೇಶಿ ವಿದೇಶಿ ಎಂದು ಜಗಳ ತೆಗೆಯಲು ನನ್ನ ಹತ್ತಿರ ಏನೂ ಇಲ್ಲ. ಆದರೂ ನನ್ನ ಓಟು ಅಮ್ಮನಿಗೆ. ಕಾರಣ ಇಷ್ಟೇ. ಅಮ್ಮ ಯಾರ ಹೆಸರಿಗೆ ಬೇಕಾದರೂ ಹೋಗಿ ಅಂಟಿಕೊಳ್ಳುತ್ತದೆ. ಗಂಗಮ್ಮ, ಚೌಡಮ್ಮ, ನಮ್ಮ ಸೀಮೆಯ ಬೀದಿಗೊಬ್ಬಳಂತೆ ಸಿಗುವ ಮುನಿಯಮ್ಮ. ಮುನಿಮಮ್ಮಿ ಎಂದು ಒಂದು ಸಲ ಜೋರಾಗಿ ಹೇಳಿ ನೋಡು ಎಂದೆ. ಅವಳಿಗೆ ನಗು ತಡೆಯಲಾಗಲಿಲ್ಲ.